‘ನೆಟ್‌ವರ್ಕ್ ಸರಿಯಿಲ್ಲ’ ಎಂಬ ಉತ್ತರ ಸರಿಯೇ?

ಸವದತ್ತಿ ತಾಲೂಕಿನ ಮುರಗೋಡ ಭಾಗದ ಒಂದು ಹಳ್ಳಿ. ಅಲ್ಲಿರುವ ತಾಯಿ ದೂರದ ದೇಶದಲ್ಲಿ ನೌಕರಿ ಮಾಡುವ ಮಗನೊಡನೆ ಅಂತರಜಾಲದ ಮೂಲಕ ಮಾತನಾಡುತ್ತಿದ್ದಾಳೆ ಎಂದು ಊಹಿಸಿಕೊಳ್ಳಿ.

“ಯಪ್ಪಾ, ನಾ ಆಡಿದ ಮಾತು ನನಗs ತಿರುಗಿ ಕೇಳಾಕತ್ತೈತಿ.”

“ನನಗ ನಿನ್ನ ದನಿ ಛಲೋ ಕೇಳಾಕತ್ತೈತಿ ಯವ್ವಾ. ನಿನ್ನ ಫೋನ್ ಕೆಟ್ಟಿರಬೇಕು. ಬೈಲಹೊಂಗಲಕ್ಕ ಹೋದಾಗ ಯಾರಿಗರೆ ತೋರಸು.”

ತಾಯಿ ಬಸ್ಸು ಹತ್ತಿ ಬೈಲಹೊಂಗಲಕ್ಕೆ ಹೋಗುತ್ತಾಳೆ. ಅಂಗಡಿಯವನು ಫೋನನ್ನು ಒಮ್ಮೆ ಆರಿಸಿ ಹೊತ್ತಿಸುತ್ತಾನೆ. ‘ನೆಟ್‌ವರ್ಕ್ ಸರಿಯಿಲ್ಲ, ದೊಡ್ಡ ಪ್ಯಾಕ್ ಹಾಕಿಸಿ’ ಎನ್ನುತ್ತಾನೆ. ಅದರಿಂದಲೂ ಸರಿಹೋಗದಿದ್ದರೆ ಹೊಸ ಫೋನು. ಇಷ್ಟೆಲ್ಲ ಖರ್ಚಾದ ಮೇಲೂ ಆಕೆಗೆ ತನ್ನ ದನಿ ತನಗೇ ಕೇಳಿಸುತ್ತಿರುತ್ತದೆ. ಏಕೆಂದರೆ ದೋಷ ಆಕೆಯ ಫೋನಿನಲ್ಲಿ ಇರಲೇ ಇಲ್ಲ. ಅದು ಇದ್ದದ್ದು ಮಗನ ಕೋಣೆಯಲ್ಲಿ. ಮೇಜಿನ ಮೇಲಿನ ಗಣಕದ ಸ್ಪೀಕರಿನಿಂದ ಹೊರಟ ತಾಯಿಯ ದನಿಯನ್ನು ಅದೇ ಗಣಕದ ಮೈಕು ಹಿಡಿದು ಮರಳಿ ಕಳುಹಿಸುತ್ತಿತ್ತು. ಮಗ ಒಂದು ಇಯರ್‌ಫೋನ್ ಹಾಕಿಕೊಂಡಿದ್ದರೆ ಮುಗಿಯುತ್ತಿತ್ತು.

ಇಲ್ಲಿ ತಪ್ಪಿದವರು ಯಾರು? ತಾಯಿಗೆ ಕೇಳಿದ್ದು ನಿಜ. ಮಗ ಹೇಳಿದ್ದೂ ಸುಳ್ಳಲ್ಲ, ಅವನಿಗೆ ಎಲ್ಲವೂ ಸ್ಪಷ್ಟವಾಗಿಯೇ ಕೇಳುತ್ತಿತ್ತು. ತಪ್ಪಿದ್ದು ನಾವೆಲ್ಲ ಒಬ್ಬರಿಗೊಬ್ಬರು ಕೊಡುತ್ತಾ ಬಂದಿರುವ ಸಲಹೆ. ಅಂತರಜಾಲ ದೂರವಾಣಿಯಲ್ಲಿ ದನಿ ಕೆಟ್ಟಾಗ ಏನು ಮಾಡಬೇಕು ಎಂಬ ಬಗ್ಗೆ ಅಂಗಡಿಗಳಲ್ಲಿ, ಸಹಾಯವಾಣಿಗಳಲ್ಲಿ, ಶಿಕ್ಷಕರ ಕೊಠಡಿಗಳಲ್ಲಿ ಹರಿದಾಡುವ ಆ ಸಲಹೆಯನ್ನು ಇಲ್ಲಿ ವಿಮರ್ಶೆಗೆ ಒಳಪಡಿಸೋಣ. ವಿಜ್ಞಾನ ಕಲಿಸುವವರೂ ಕಲಿಯುವವರೂ ಆದ ನಿಮಗೆ ಇದರಲ್ಲಿ ಆಸಕ್ತಿ ಇರಲೇಬೇಕು.

ಸಲಹೆಯ ಪಟ್ಟಿ ಮತ್ತು ಅದರ ಕೊರತೆ

ಪಟ್ಟಿ ನಿಮಗೆ ಗೊತ್ತಿರುವುದೇ. ಫೋನನ್ನು ಆರಿಸಿ ಹೊತ್ತಿಸಿ. ಆಪ್ ತೆಗೆದು ಮತ್ತೆ ಹಾಕಿ. ವೇಗ ಪರೀಕ್ಷಿಸಿ. ಕಿಟಕಿಯ ಹತ್ತಿರ ಹೋಗಿ. ದೊಡ್ಡ ಪ್ಯಾಕ್ ಕೊಳ್ಳಿ. ಇವುಗಳಿಂದ ಎಂದೂ ಪ್ರಯೋಜನವಾಗುವುದಿಲ್ಲ ಎಂದಲ್ಲ. ಆರಿಸಿ ಹೊತ್ತಿಸಿದಾಗ ಸಿಕ್ಕಿಹಾಕಿಕೊಂಡ ತಂತ್ರಾಂಶ ಬಿಡುಗಡೆಯಾಗುವುದುಂಟು. ಆದರೆ ಈ ಸಲಹೆಗಳಲ್ಲಿ ಒಂದು ಮೂಲಭೂತ ಕೊರತೆ ಇದೆ. ಇವು ರೋಗಲಕ್ಷಣವನ್ನು ಕೇಳುವುದೇ ಇಲ್ಲ. ದನಿ ಕತ್ತರಿಸುತ್ತಿದೆಯೋ, ತಡವಾಗಿ ಬರುತ್ತಿದೆಯೋ, ತಿರುಗಿ ಬರುತ್ತಿದೆಯೋ, ಬಾವಿಯೊಳಗಿಂದ ಬಂದಂತಿದೆಯೋ, ಬರುತ್ತಲೇ ಇಲ್ಲವೋ ಎಂಬುದನ್ನು ವಿಚಾರಿಸದೆ ಎಲ್ಲ ಜ್ವರಕ್ಕೂ ಒಂದೇ ಮಾತ್ರೆ ಕೊಟ್ಟಂತಿದೆ ಇದು.

ಒಳ್ಳೆಯ ಪರೀಕ್ಷೆ ಎಂದರೆ ಯಾವುದು? ಪ್ರಯೋಗಶಾಲೆಯಲ್ಲಿ ನೀವೇ ಕಲಿಸುವ ಮಾತಿದು. ಯಾವ ಪರೀಕ್ಷೆಯ ಫಲಿತಾಂಶ ‘ಹೌದು’ ಎಂದು ಬಂದರೆ ಕೆಲವು ಕಾರಣಗಳು, ‘ಇಲ್ಲ’ ಎಂದು ಬಂದರೆ ಉಳಿದ ಕಾರಣಗಳು ಬಿದ್ದುಹೋಗುತ್ತವೆಯೋ ಅದು ಒಳ್ಳೆಯ ಪರೀಕ್ಷೆ. ಒಂದು ಸಲಕ್ಕೆ ಒಂದೇ ಅಂಶವನ್ನು ಬದಲಿಸಬೇಕು ಎಂಬುದು ಅದರ ನಿಯಮ. ಫೋನು, ಆಪು, ಪ್ಯಾಕು ಮೂರನ್ನೂ ಒಟ್ಟಿಗೆ ಬದಲಿಸಿದವನಿಗೆ, ದನಿ ಸರಿಹೋದರೂ ಯಾವುದರಿಂದ ಹೋಯಿತೆಂದು ತಿಳಿಯುವುದಿಲ್ಲ. ಈ ಒರೆಗಲ್ಲಿಗೆ ಹಚ್ಚಿ ನೋಡಿದಾಗ ನಮ್ಮ ಪಟ್ಟಿ ಎಷ್ಟು ಉಳಿಯುತ್ತದೆ?

ವೇಗದ ಭ್ರಮೆ

ಮೊದಲು ವೇಗದ ಮಾತನ್ನು ತೆಗೆದುಕೊಳ್ಳಿ. ಮಾತಿಗೆ ನಿಜವಾಗಿ ಎಷ್ಟು ವೇಗ ಬೇಕು? ಸಾಂಪ್ರದಾಯಿಕ ದೂರವಾಣಿಯ ಜಿ.711 ಎಂಬ ಮಾನಕ ದನಿಯನ್ನು ಸೆಕೆಂಡಿಗೆ 8000 ಸಲ ಅಳೆಯುತ್ತದೆ. ಒಂದೊಂದು ಅಳತೆಗೆ 8 ಬಿಟ್. ಗುಣಿಸಿದರೆ ಸೆಕೆಂಡಿಗೆ 64,000 ಬಿಟ್. ಅಂತರಜಾಲದಲ್ಲಿ ಇದನ್ನು 20 ಮಿಲಿಸೆಕೆಂಡುಗಳ ತುಂಡುಗಳಾಗಿ ಕತ್ತರಿಸಿ, ಪ್ಯಾಕೆಟ್ ಎಂಬ ಪೊಟ್ಟಣಗಳಲ್ಲಿ ಕಟ್ಟಿ, ಸೆಕೆಂಡಿಗೆ 50ರಂತೆ ಕಳುಹಿಸುತ್ತಾರೆ. ಒಂದು ಪೊಟ್ಟಣದಲ್ಲಿ ದನಿಯ ಸರಕು 160 ಬೈಟ್, ಅದರ ಮೇಲೆ ವಿಳಾಸ ಮುಂತಾದವಕ್ಕೆ 40 ಬೈಟ್. ಒಟ್ಟು 200 ಬೈಟ್. ಇದನ್ನು 50ರಿಂದ ಮತ್ತು 8ರಿಂದ ಗುಣಿಸಿ. ಸೆಕೆಂಡಿಗೆ 80,000 ಬಿಟ್, ಅಂದರೆ 80 ಕಿಲೋಬಿಟ್ ಸಾಕು.

ದನಿಯನ್ನು ಇನ್ನೂ ಬಿಗಿಯಾಗಿ ಕಟ್ಟುವ ಜಿ.729 ಮಾನಕದಲ್ಲಿ ಸರಕು ಕೇವಲ 20 ಬೈಟ್, ಮೇಲಿನ ವಿಳಾಸ ಮಾತ್ರ ಅದೇ 40 ಬೈಟ್. ಸರಕಿಗಿಂತ ಚೀಲದ ತೂಕವೇ ಇಮ್ಮಡಿ! ಆದರೂ ಲೆಕ್ಕ ಬರುವುದು ಸೆಕೆಂಡಿಗೆ 24 ಕಿಲೋಬಿಟ್ ಮಾತ್ರ. ಹತ್ತು ಮೆಗಾಬಿಟ್ ವೇಗದ ಸಂಪರ್ಕವಿದ್ದೂ ದನಿ ಕತ್ತರಿಸುತ್ತಿದ್ದರೆ, ಅಲ್ಲಿ ವೇಗ ಕಡಿಮೆಯಾಗಿದೆ ಎನ್ನುವುದು ಲೆಕ್ಕಕ್ಕೆ ಹೊಂದದ ಮಾತು. ಸಾಮಾನ್ಯ ವೇಗ ಪರೀಕ್ಷೆ ಅಳೆಯುವುದು ಒಂದು ಸೆಕೆಂಡಿನಲ್ಲಿ ಎಷ್ಟು ಸರಕು ಬಂದಿತು ಎಂಬುದನ್ನು. ದನಿಗೆ ಬೇಕಾದದ್ದು ಸರಕು ಹೊತ್ತುಹೊತ್ತಿಗೆ ಬಂದಿತೇ ಎಂಬುದು. ಕೆಲವು ಪರೀಕ್ಷೆಗಳು ವಿಳಂಬವನ್ನೂ ಕೆಳಗೆ ಸಣ್ಣ ಅಕ್ಷರಗಳಲ್ಲಿ ತೋರಿಸುತ್ತವೆ. ಹೆಚ್ಚಿನವರು ಆ ಸಾಲನ್ನು ಓದುವುದಿಲ್ಲ.

ಹೊತ್ತಿಗೆ ಸರಿಯಾಗಿ ಬರುವುದು

ಬೈಲಹೊಂಗಲದಿಂದ ಬೆಳಗಾವಿಗೆ ಇಪ್ಪತ್ತು ನಿಮಿಷಕ್ಕೊಂದು ಬಸ್ಸು ಬಿಡುತ್ತಾರೆ ಎಂದುಕೊಳ್ಳಿ. ದಾರಿಯಲ್ಲಿ ಸಂತೆ, ರೈಲ್ವೆ ಗೇಟು, ಕಬ್ಬಿನ ಗಾಡಿಗಳ ಸಾಲು. ಬೆಳಗಾವಿಯಲ್ಲಿ ಒಂದು ತಾಸು ಬಸ್ಸೇ ಇಲ್ಲ, ಆಮೇಲೆ ಒಮ್ಮೆಲೇ ಮೂರು. ದಿನದ ಕೊನೆಗೆ ಎಣಿಸಿದರೆ ಎಲ್ಲ ಬಸ್ಸುಗಳೂ ಬಂದಿವೆ. ಆದರೆ ನಿಲ್ದಾಣದಲ್ಲಿ ಕಾದವನ ಪಾಡೇನು? ಪ್ಯಾಕೆಟ್‌ಗಳ ನಡುವಿನ ಅಂತರ ಹೀಗೆ ಏರುಪೇರಾಗುವುದನ್ನು ಜಿಟ್ಟರ್ ಎನ್ನುತ್ತಾರೆ. ಇದನ್ನು ಸರಿದೂಗಿಸಲು ಕೇಳುವವರ ಫೋನು ಪ್ಯಾಕೆಟ್‌ಗಳನ್ನು ಸ್ವಲ್ಪ ಹೊತ್ತು ಕೂಡಿಟ್ಟುಕೊಂಡು, ಆಮೇಲೆ ಸಮವಾದ ಅಂತರದಲ್ಲಿ ಬಿಡುತ್ತದೆ. ಆ ಹೊತ್ತಿನೊಳಗೆ ಬಾರದ ಪ್ಯಾಕೆಟ್ ಆಮೇಲೆ ಬಂದರೂ ಕಸವೇ. ಕಡತವನ್ನು ತರಿಸಿಕೊಳ್ಳುವಾಗ ತಡವಾದದ್ದೂ ಉಪಯೋಗಕ್ಕೆ ಬರುತ್ತದೆ. ಮಾತಿನಲ್ಲಿ ತಡವಾದದ್ದು ಕಳೆದುಹೋದದ್ದಕ್ಕೆ ಸಮ. ಈ ಒಂದು ವ್ಯತ್ಯಾಸವನ್ನು ನಮ್ಮ ಸಲಹೆಗಾರರು ಗಮನಿಸಿದ್ದರೆ ಅರ್ಧ ಗೊಂದಲ ಕಡಿಮೆಯಾಗುತ್ತಿತ್ತು.

ಇನ್ನು ವಿಳಂಬ. ‘ಅಮೆರಿಕಾ ದೂರ, ಅದಕ್ಕೇ ತಡ’ ಎನ್ನುವುದು ವಾಡಿಕೆ. ಲೆಕ್ಕ ಹಾಕಿ ನೋಡೋಣ. ಗಾಜಿನ ತಂತುವಿನಲ್ಲಿ ಬೆಳಕಿನ ವೇಗ ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಬೈಲಹೊಂಗಲದಿಂದ ಬೆಂಗಳೂರಿಗೆ ತಂತು ಸುತ್ತಿ ಬಳಸಿ 600 ಕಿ.ಮೀ. ಹೋಗುತ್ತದೆಂದೇ ಹಿಡಿಯಿರಿ. ತಗಲುವ ಕಾಲ 3 ಮಿಲಿಸೆಕೆಂಡು. ಹದಿನಾಲ್ಕು ಸಾವಿರ ಕಿ.ಮೀ. ಆಚೆಗೂ 70 ಮಿಲಿಸೆಕೆಂಡು ಸಾಕು. ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಜಿ.114 ಶಿಫಾರಸಿನ ಪ್ರಕಾರ ಒಂದು ದಿಕ್ಕಿನ ವಿಳಂಬ 150 ಮಿಲಿಸೆಕೆಂಡಿನೊಳಗಿದ್ದರೆ ಬಹುತೇಕ ಮಾತುಕತೆಗೆ ತೊಂದರೆಯಿಲ್ಲ. 400 ಮಿಲಿಸೆಕೆಂಡನ್ನು ದಾಟಬಾರದು. ಅಂದರೆ ದೂರವೊಂದೇ ಕಾರಣವಾಗಿದ್ದರೆ ಮಾತು ಕೆಡಬೇಕಾಗಿಲ್ಲ.

ಹಾಗಾದರೆ ಸೆಕೆಂಡುಗಟ್ಟಲೆ ವಿಳಂಬ ಎಲ್ಲಿಂದ ಬರುತ್ತದೆ? ಬಹಳ ಸಲ ನಿಮ್ಮ ಮನೆಯ ಬಾಗಿಲಲ್ಲೇ. ನೀವು ಮಾತನಾಡುವಾಗ ಮನೆಯ ಇನ್ನೊಬ್ಬರು ಅದೇ ಸಂಪರ್ಕದಲ್ಲಿ ಮದುವೆಯ ವಿಡಿಯೋ ಕಳುಹಿಸುತ್ತಿದ್ದಾರೆ. ಹೊರಹೋಗುವ ದಾರಿಯ ವೇಗ ಸೆಕೆಂಡಿಗೆ 512 ಕಿಲೋಬಿಟ್‌ಗೆ ಇಳಿದಿದೆ ಎಂದಿಟ್ಟುಕೊಳ್ಳಿ. ಊರ ಹೊರಗಿನ ತೋಟದ ಮನೆಯಲ್ಲಿ ಇದು ಅಪರೂಪವಲ್ಲ. ರೂಟರ್ ಪೆಟ್ಟಿಗೆಯಲ್ಲಿ 64 ಕಿಲೋಬೈಟ್‌ನಷ್ಟು ವಿಡಿಯೋ ಸರದಿಯಲ್ಲಿ ನಿಂತಿದ್ದರೆ, ಅದು ಖಾಲಿಯಾಗಲು ಸುಮಾರು ಒಂದು ಸೆಕೆಂಡು ಬೇಕು. ನಿಮ್ಮ ದನಿಯ ಪುಟ್ಟ ಪೊಟ್ಟಣ ಆ ಸರದಿಯ ಹಿಂದೆ ನಿಲ್ಲಬೇಕು. ಒಳಬರುವ ವೇಗ ಎಷ್ಟೇ ಇರಲಿ, ಇದು ತಪ್ಪದು. ಪರೀಕ್ಷೆಯೂ ಸರಳ. ವಿಡಿಯೋ ಕಳುಹಿಸುವುದನ್ನು ನಿಲ್ಲಿಸಿ. ವಿಳಂಬ ಕೂಡಲೇ ಇಳಿದರೆ ಕಾರಣ ಸರದಿ, ಇಳಿಯದಿದ್ದರೆ ಬೇರೆ ಕಡೆ ಹುಡುಕಬೇಕು.

ಯಾವ ದೋಷವೂ ಇಲ್ಲದ ವಿಳಂಬವೂ ಉಂಟು. 2004ರ ಸೆಪ್ಟೆಂಬರ್ 20ರಂದು ಉಡಾವಣೆಯಾದ ಎಜುಸ್ಯಾಟ್ ಉಪಗ್ರಹ ನಿಮಗೆ ನೆನಪಿರಬಹುದು. ಬೆಳಗಾವಿಯಲ್ಲಿ ಕೇಂದ್ರ ಹೊಂದಿರುವ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ಆ ಯೋಜನೆಯ ಪ್ರಾಯೋಗಿಕ ಹಂತದಲ್ಲಿ ಪಾಲುಗೊಂಡಿತ್ತು. ಭೂಸ್ಥಿರ ಉಪಗ್ರಹ 36,000 ಕಿ.ಮೀ. ಎತ್ತರದಲ್ಲಿರುವುದರಿಂದ, ಹೋಗಿ ಇಳಿದು ಬರುವ 72,000 ಕಿ.ಮೀ.ಗೆ ಬೆಳಕಿಗೇ 0.24 ಸೆಕೆಂಡು ಬೇಕು. ಪ್ರಶ್ನೆ ಕೇಳಿದ ವಿದ್ಯಾರ್ಥಿ ಉತ್ತರಕ್ಕಾಗಿ ಕಾಯುವುದು ಅಲ್ಲಿ ಭೌತವಿಜ್ಞಾನದ ನಿಯಮ. ಅದನ್ನು ಯಾವ ಪ್ಯಾಕೂ ಸರಿಪಡಿಸದು.

ಗುಡ್ಡದ ಜಾತ್ರೆಯಲ್ಲಿ ನಾಲ್ಕು ಗೆರೆ

ಬನದ ಹುಣ್ಣಿಮೆ ಅಥವಾ ಭಾರತ ಹುಣ್ಣಿಮೆಗೆ ಸವದತ್ತಿಯ ಯಲ್ಲಮ್ಮನ ಗುಡ್ಡಕ್ಕೆ ಹೋದವರಿಗೆ ಒಂದು ವಿಚಿತ್ರ ಕಾಣುತ್ತದೆ. ಫೋನಿನ ಮೇಲೆ ನಾಲ್ಕೂ ಗೆರೆ ತುಂಬಿವೆ, ಮಾತು ಮಾತ್ರ ತುಂಡು ತುಂಡು. ಗೆರೆಗಳು ಹೇಳುವುದು ಗೋಪುರದ ಸಂಕೇತ ನಿಮಗೆ ಎಷ್ಟು ಬಲವಾಗಿ ಮುಟ್ಟುತ್ತಿದೆ ಎಂಬುದನ್ನು. ಆ ಗೋಪುರದ ಸಾಮರ್ಥ್ಯವನ್ನು ಎಷ್ಟು ಜನ ಹಂಚಿಕೊಂಡಿದ್ದಾರೆ ಎಂಬುದನ್ನು ಅವು ಹೇಳುವುದಿಲ್ಲ. ಲಕ್ಷಾಂತರ ಜನ ಸೇರಿದಲ್ಲಿ ಒಬ್ಬೊಬ್ಬರ ಪಾಲು ಎಷ್ಟು ಉಳಿದೀತು? ಇಲ್ಲಿ ‘ನೆಟ್‌ವರ್ಕ್’ ಎಂಬ ಉತ್ತರ ಸರಿ. ಆದರೆ ‘ಕಿಟಕಿಯ ಹತ್ತಿರ ಹೋಗಿ’ ಎಂಬ ಪರಿಹಾರ ತಪ್ಪು. ಹೊತ್ತು ಬದಲಿಸಿ ನೋಡುವುದೇ ಇಲ್ಲಿ ಪರೀಕ್ಷೆ. ನಸುಕಿನ ನಾಲ್ಕು ಗಂಟೆಗೆ ಅದೇ ಜಾಗದಿಂದ ಮಾತು ಸ್ಪಷ್ಟವಾದರೆ ಕಾರಣ ದಟ್ಟಣೆ.

ಕತೆ, ಕತ್ತೆ ಮತ್ತು ಕಳೆದ ಪೊಟ್ಟಣ

ಪ್ಯಾಕೆಟ್ ಕಳೆದರೆ ಏನಾಗುತ್ತದೆ? ಈ ಪ್ರಶ್ನೆಗೆ ಆರಂಭದಲ್ಲೇ ಉತ್ತರ ಹುಡುಕಿದವರಲ್ಲಿ ನಮ್ಮ ನಾಡಿನ ಸಂಬಂಧವುಳ್ಳ ಒಬ್ಬರಿದ್ದಾರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪಿಎಚ್.ಡಿ. ಪಡೆದು ಅಮೆರಿಕಾದ ಬೆಲ್ ಲ್ಯಾಬ್ಸ್ ಸೇರಿದ ನುಗ್ಗೇಹಳ್ಳಿ ಎಸ್. ಜಯಂತ್, 1981ರಲ್ಲಿ ಸಹೋದ್ಯೋಗಿಯೊಬ್ಬರೊಡನೆ ಒಂದು ಚೆಲುವಾದ ಉಪಾಯವನ್ನು ಪ್ರಕಟಿಸಿದರು. ದನಿಯ ಅಳತೆಗಳಲ್ಲಿ ಬೆಸ ಸಂಖ್ಯೆಯವನ್ನು ಒಂದು ಪ್ಯಾಕೆಟ್‌ನಲ್ಲಿ, ಸಮ ಸಂಖ್ಯೆಯವನ್ನು ಇನ್ನೊಂದರಲ್ಲಿ ಕಳುಹಿಸುವುದು. ಒಂದು ಕಳೆದರೂ ಉಳಿದದ್ದರ ನೆರೆಯ ಬೆಲೆಗಳಿಂದ ಮಧ್ಯದವನ್ನು ಊಹಿಸಬಹುದು. ಅದೇ ಸಂಸ್ಥೆಯಲ್ಲಿ ಓದಿ, 1957ರಿಂದ 1960ರವರೆಗೆ ಅಲ್ಲೇ ಕಲಿಸಿದ ಬಿಷ್ಣು ಎಸ್. ಅಟಲ್ ಅವರು ಬೆಲ್ ಲ್ಯಾಬ್ಸ್‌ನಲ್ಲಿ ಬೆಳೆಸಿದ ರೇಖೀಯ ಮುನ್ಸೂಚನೆಯ ವಿಧಾನ ಇಂದಿನ ಮೊಬೈಲ್ ದನಿಯ ಅಡಿಪಾಯಗಳಲ್ಲಿ ಒಂದು. ಹಿಂದಿನ ಅಳತೆಗಳಿಂದ ಮುಂದಿನದನ್ನು ಅಂದಾಜಿಸಿ, ಅಂದಾಜು ತಪ್ಪಿದಷ್ಟನ್ನು ಮಾತ್ರ ಕಳುಹಿಸುವುದು ಅದರ ಸಾರ.

ಇಂದಿನ ಫೋನುಗಳೂ ಕಳೆದ 20 ಮಿಲಿಸೆಕೆಂಡನ್ನು ಹಿಂದಿನ ದನಿಯನ್ನು ಹಿಗ್ಗಿಸಿ ತೇಪೆ ಹಾಕುತ್ತವೆ. ಸ್ವರದ ನಡುವೆ ಕಳೆದರೆ ತೇಪೆ ಕಾಣುವುದಿಲ್ಲ. ವ್ಯಂಜನದಲ್ಲಿ ಕಳೆದರೆ ಕಷ್ಟ. ಕನ್ನಡದಲ್ಲಿ ಇದರ ತೂಕ ಹೆಚ್ಚು ಎಂದು ತೋರುತ್ತದೆ. ‘ಕತೆ’ಗೂ ‘ಕತ್ತೆ’ಗೂ, ‘ಹಳಿ’ಗೂ ‘ಹಳ್ಳಿ’ಗೂ ಇರುವ ವ್ಯತ್ಯಾಸ ಮುಖ್ಯವಾಗಿ ಕಾಲದ್ದು. ‘ಕತ್ತೆ’ ಎನ್ನುವಾಗ ನಾಲಿಗೆ ಹಲ್ಲಿಗೆ ಒತ್ತಿಕೊಂಡಿರುವ ಮೌನ ಹೆಚ್ಚು ಉದ್ದ, ಅಷ್ಟೆ. ಆ ಹೆಚ್ಚಳ ಸೆಕೆಂಡಿನ ಹತ್ತನೆಯ ಒಂದು ಭಾಗದ ಆಸುಪಾಸಿನದು, ಅಂದರೆ ನಾಲ್ಕೈದು ಪ್ಯಾಕೆಟ್‌ಗಳಷ್ಟು. ಸಾಲಾಗಿ ಅಷ್ಟು ಪ್ಯಾಕೆಟ್ ಕಳೆದರೆ ಪದವೇ ಬದಲಾಗಬಹುದು.

ಇದು ಬರೀ ಭಾಷೆಯ ಕುತೂಹಲವಲ್ಲ. 2019ರ ನವೆಂಬರ್‌ನಲ್ಲಿ ಆರಂಭವಾದ ಇ-ಸಂಜೀವನಿ ಸೇವೆಯನ್ನು 2020ರ ಏಪ್ರಿಲ್‌ನಿಂದ ರೋಗಿಗಳು ಮನೆಯಿಂದಲೇ ಬಳಸುವಂತಾಯಿತು. ರಾಮದುರ್ಗದ ಹಳ್ಳಿಯಿಂದ ವೈದ್ಯರನ್ನು ಫೋನಿನಲ್ಲಿ ಕೇಳುವ ಮುದುಕರಿಗೆ ಮಾತ್ರೆ ಊಟಕ್ಕೆ ಮೊದಲೋ ಆಮೇಲೋ, ಬೇಕೋ ಬೇಡವೋ ಎಂಬ ಒಂದೊಂದು ಪದವೂ ಮುಖ್ಯ. ಕತ್ತರಿಸಿದ ದನಿಯಲ್ಲಿ ‘ಹೂಂ’ ಎಂದು ಒಪ್ಪಿಕೊಳ್ಳುವ ನಮ್ಮ ಸಂಕೋಚ ಇಲ್ಲಿ ಅಪಾಯಕಾರಿ. ಕೇಳಿದ್ದನ್ನು ತಿರುಗಿ ಹೇಳಿ ಖಚಿತಪಡಿಸಿಕೊಳ್ಳಿ ಎಂಬ ಮಾತು ಯಾವ ಸಲಹೆಯ ಪಟ್ಟಿಯಲ್ಲೂ ಮೊದಲು ಇರಬೇಕಿತ್ತು.

ಪಾಠಪುಸ್ತಕದ ಪ್ರತಿಧ್ವನಿ, ಫೋನಿನ ಪ್ರತಿಧ್ವನಿ

ಈಗ ಮೊದಲಿನ ತಾಯಿಯ ಬಳಿಗೆ ಮರಳೋಣ. ಆಕೆಗಾದದ್ದು ಪ್ರತಿಧ್ವನಿ. ಒಂಬತ್ತನೆಯ ತರಗತಿಯ ಶಬ್ದದ ಪಾಠದಲ್ಲಿ ನಾವು ವರ್ಷಾನುಗಟ್ಟಲೆ ಹೇಳಿಕೊಟ್ಟದ್ದೇನು? ದನಿಯ ಅನುಭವ ಕಿವಿಯಲ್ಲಿ 0.1 ಸೆಕೆಂಡು ಉಳಿಯುತ್ತದೆ, ಶಬ್ದದ ವೇಗ ಸೆಕೆಂಡಿಗೆ 344 ಮೀಟರ್, ಆದ್ದರಿಂದ ಪ್ರತಿಧ್ವನಿ ಕೇಳಲು ತಡೆ ಕನಿಷ್ಠ 17.2 ಮೀಟರ್ ದೂರವಿರಬೇಕು. ಬೆಟ್ಟದ ಎದುರು ನಿಂತವನ ಚಿತ್ರ ಬರೆಸಿ ಪಾಠ ಮುಗಿಸುತ್ತೇವೆ. ನವಿಲುತೀರ್ಥದ ಬಂಡೆಗಳ ಎದುರು ಕೂಗಿ ನೋಡಿದ ಹುಡುಗನಿಗೆ ಇದು ಸಾಕು. ದಿನಾ ಫೋನಿನಲ್ಲಿ ಪ್ರತಿಧ್ವನಿ ಕೇಳುವ ಹುಡುಗನಿಗೆ ಸಾಲದು. ಅವನ ಕೋಣೆಯಲ್ಲಿ 17 ಮೀಟರ್ ದೂರದ ಗೋಡೆ ಎಲ್ಲಿದೆ?

ಸ್ಪೀಕರಿಗೂ ಮೈಕಿಗೂ ಒಂದು ಗೇಣು ಅಂತರವಿರಬಹುದು. ಆದರೆ ವಿಳಂಬವನ್ನು ಕೊಡುವುದು ಗಾಳಿಯಲ್ಲ, ಜಾಲ. ಹೋಗಲು 150, ಬರಲು 150 ಮಿಲಿಸೆಕೆಂಡು ಎಂದರೆ 0.3 ಸೆಕೆಂಡು. ಗಾಳಿಯಲ್ಲಿ ಇದು ಸುಮಾರು 50 ಮೀಟರ್ ಆಚೆಯ ಗುಡ್ಡಕ್ಕೆ ಸಮ. ಮಗನ ಗಣಕವೇ ಇಲ್ಲಿ ಗುಡ್ಡ. ಗುಡ್ಡಕ್ಕೆ ಪ್ರತಿಧ್ವನಿ ಕೇಳುವುದಿಲ್ಲ, ಕೂಗಿದವನಿಗೆ ಕೇಳುತ್ತದೆ! ಪ್ರತಿಧ್ವನಿ ಯಾರಿಗೆ ಕೇಳುತ್ತದೋ ಅವರ ಎದುರಿನವರ ಬದಿಯಲ್ಲಿ ದೋಷ ಹುಡುಕಬೇಕು. ಇದು ಅಂತರಜಾಲ ದೂರವಾಣಿಯ ಅತ್ಯಂತ ಉಪಯುಕ್ತ ನಿಯಮ. ನಮ್ಮ ಸಲಹೆಗಾರರು ತಲೆಕೆಳಗು ಮಾಡಿದ ನಿಯಮವೂ ಇದೇ.

0.1 ಸೆಕೆಂಡು ಎಂಬ ಗಡಿಯೂ ಅಷ್ಟು ಗಟ್ಟಿಯಲ್ಲ. ದೂರವಾಣಿ ಎಂಜಿನಿಯರರು ಒಂದು ದಿಕ್ಕಿನ ವಿಳಂಬ 25 ಮಿಲಿಸೆಕೆಂಡು ದಾಟಿದರೆ ಪ್ರತಿಧ್ವನಿಯನ್ನು ಅಡಗಿಸುವ ಏರ್ಪಾಡು ಬೇಕೆಂದು ಬಹಳ ಹಿಂದೆಯೇ ಕಂಡುಕೊಂಡಿದ್ದರು. ಊರೊಳಗಿನ ಹಳೆಯ ತಂತಿ ಫೋನಿನಲ್ಲೂ ದನಿ ಸ್ವಲ್ಪ ತಿರುಗಿ ಬರುತ್ತಿತ್ತು. ವಿಳಂಬ ಬಹಳ ಕಡಿಮೆ ಇದ್ದುದರಿಂದ ಅದು ನಮ್ಮ ಮಾತಿನಲ್ಲೇ ಬೆರೆತು ಹೋಗುತ್ತಿತ್ತು. ಅಂತರಜಾಲ ಪ್ರತಿಧ್ವನಿಯನ್ನು ಹುಟ್ಟಿಸಲಿಲ್ಲ. ವಿಳಂಬ ಕೊಟ್ಟು ಬಯಲಿಗೆ ಎಳೆಯಿತು.

ಭಾರತದಲ್ಲಿ ಅಂತರಜಾಲ ದೂರವಾಣಿಗೆ ಅನುಮತಿ ದೊರೆತದ್ದು 2002ರ ಏಪ್ರಿಲ್ 1ರಿಂದ. ಆ ಕಾಲದಲ್ಲಿ ಸೈಬರ್ ಕೆಫೆಗೆ ಹೋಗಿ ಮಾತನಾಡಿದವರು ತಲೆಗೆ ಹೆಡ್‌ಫೋನ್ ಸಿಕ್ಕಿಸಿಕೊಂಡೇ ಮಾತನಾಡುತ್ತಿದ್ದರು. ಸ್ಪೀಕರಿನ ದನಿ ಮೈಕಿಗೆ ಸೋರುವ ದಾರಿಯೇ ಅಲ್ಲಿ ಇರಲಿಲ್ಲ. ಈಗ ಫೋನನ್ನು ಮೇಜಿನ ಮೇಲಿಟ್ಟು, ಮನೆಮಂದಿಯೆಲ್ಲ ಸುತ್ತ ಕುಳಿತು ಮಾತನಾಡುತ್ತೇವೆ. ಪ್ರತಿಧ್ವನಿ ಅಳಿಸುವ ತಂತ್ರಾಂಶ ಫೋನಿನಲ್ಲಿ ಇದೆ, ನಿಜ. ಸ್ಪೀಕರಿಗೆ ಕಳುಹಿಸಿದ ಸಂಕೇತ ಅದಕ್ಕೆ ಗೊತ್ತಿರುವುದರಿಂದ, ಮೈಕಿಗೆ ಬಂದದ್ದರಲ್ಲಿ ಅದನ್ನು ಕಳೆಯುತ್ತದೆ. ಆದರೆ ದನಿಯನ್ನು ಪೂರ್ತಿ ಏರಿಸಿ ಸ್ಪೀಕರು ಕರಕರ ಎನ್ನತೊಡಗಿದರೆ, ಹೊರಬಂದ ದನಿ ಕಳುಹಿಸಿದ ಸಂಕೇತವನ್ನು ಹೋಲುವುದಿಲ್ಲ. ಆಗ ಕಳೆಯುವ ಲೆಕ್ಕ ತಪ್ಪುತ್ತದೆ. ದನಿಯನ್ನು ಸ್ವಲ್ಪ ಇಳಿಸಿ ನೋಡುವುದು ಅದಕ್ಕೇ ಒಳ್ಳೆಯ ಪರೀಕ್ಷೆ.

2020ರಲ್ಲಿ ಶಾಲೆಗಳು ಮುಚ್ಚಿದಾಗ ಅಂತರಜಾಲದಲ್ಲಿ ಪಾಠ ಮಾಡಿದ ಶಿಕ್ಷಕರಿಗೆ ‘ಕೇಳಸವಲ್ದ್ರೀ ಸರ್’ ಎಂಬ ಕೂಗು ನೆನಪಿರಬೇಕು. ನಲವತ್ತು ಮಕ್ಕಳ ತರಗತಿಯಲ್ಲಿ ಒಂದು ಫೋನಿನಿಂದ ದನಿ ಸೋರಿದರೂ ಶಿಕ್ಷಕರಿಗೆ ತಮ್ಮ ಮಾತು ತಿರುಗಿ ಕೇಳುತ್ತದೆ, ಉಳಿದ ಮಕ್ಕಳಿಗೆ ಎರಡೆರಡು ಸಲ ಕೇಳುತ್ತದೆ. ‘ನನಗ ಛಲೋ ಕೇಳಾಕತ್ತೈತ್ರೀ’ ಎನ್ನುವ ಒಬ್ಬ ಹುಡುಗನಿದ್ದರೆ ಮೊದಲು ಅಲ್ಲಿಯೇ ನೋಡಬೇಕು. ಇಲ್ಲವೇ ಅರ್ಧ ಮಕ್ಕಳ ಮೈಕು ಮುಚ್ಚಿಸಿ. ಪ್ರತಿಧ್ವನಿ ನಿಂತರೆ ಸೋರಿಕೆ ಆ ಅರ್ಧದಲ್ಲಿ, ನಿಲ್ಲದಿದ್ದರೆ ಉಳಿದರ್ಧದಲ್ಲಿ. ಹೀಗೆ ಅರ್ಧ ಅರ್ಧ ಮಾಡುತ್ತಾ ಹೋದರೆ ನಲವತ್ತರಲ್ಲಿ ಒಬ್ಬನನ್ನು ಹೆಚ್ಚೆಂದರೆ ಆರು ಹೆಜ್ಜೆಯಲ್ಲಿ ಹಿಡಿಯಬಹುದು; ಎರಡರ ಆರನೆಯ ಘಾತ 64 ಅಲ್ಲವೇ? ಗಣಿತ ಶಿಕ್ಷಕರಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು.

ಜಾಲಕ್ಕೆ ಸಂಬಂಧವೇ ಇಲ್ಲದ ದೋಷಗಳು

ಬಾವಿಯೊಳಗಿಂದ ಬಂದಂಥ ದನಿಗೆ ಕಾರಣ ಬಹಳ ಸಲ ಕೋಣೆ. ಕಿತ್ತೂರಿನಲ್ಲೋ ಬೈಲಹೊಂಗಲದಲ್ಲೋ ಹೊಸದಾಗಿ ಕಟ್ಟಿಸಿದ ಸ್ಲ್ಯಾಬಿನ ಮನೆಯ ಖಾಲಿ ಕೋಣೆಯೊಂದನ್ನು ತೆಗೆದುಕೊಳ್ಳಿ. ಉದ್ದ 5, ಅಗಲ 4, ಎತ್ತರ 3 ಮೀಟರ್. ಘನಫಲ 60 ಘನ ಮೀಟರ್, ಒಳಮೈ 94 ಚದರ ಮೀಟರ್. ಗಿಲಾವು ಮಾಡಿದ ಗೋಡೆ ದನಿಯ ಶೇಕಡಾ 3ರಷ್ಟನ್ನು ಮಾತ್ರ ಹೀರುತ್ತದೆಂದು ಹಿಡಿದರೆ ಒಟ್ಟು ಹೀರಿಕೆ ಸುಮಾರು 2.8. ಸಬೀನ್ ಸೂತ್ರದಂತೆ 0.161ನ್ನು ಘನಫಲದಿಂದ ಗುಣಿಸಿ ಹೀರಿಕೆಯಿಂದ ಭಾಗಿಸಿದರೆ, ಅನುರಣನ ಕಾಲ 3.4 ಸೆಕೆಂಡು. ಒಂದು ಅಕ್ಷರದ ಬಾಲ ಮುಂದಿನ ಹತ್ತಾರು ಅಕ್ಷರಗಳ ಮೇಲೆ ಬೀಳುತ್ತದೆ. ಈಗ ನಾಲ್ಕು ಚದರ ಮೀಟರಿನ ಎರಡು ಕೌದಿಗಳನ್ನು ಗೋಡೆಗೆ ತೂಗುಹಾಕಿ. ಅವು ದನಿಯ ಅರ್ಧದಷ್ಟನ್ನು ಹೀರಿದರೆ ಒಟ್ಟು ಹೀರಿಕೆ 6.8 ಆಗಿ, ಅನುರಣನ ಕಾಲ 1.4 ಸೆಕೆಂಡಿಗೆ ಇಳಿಯುತ್ತದೆ. ಅಜ್ಜಿ ಹೊಲಿದ ಕೌದಿ ಮಾಡುವ ಈ ಕೆಲಸವನ್ನು ದೊಡ್ಡ ಪ್ಯಾಕ್ ಮಾಡಲಾರದು. ಮೈಕನ್ನು ಬಾಯಿಯ ಹತ್ತಿರ ತಂದರೆ ಇನ್ನೂ ಸುಲಭ.

ರಾಮದುರ್ಗ, ಸುರೇಬಾನ ಕಡೆಯ ನೇಕಾರರ ಮನೆಗಳಲ್ಲಿ ತೊಂದರೆ ಬೇರೆ. ಸದ್ದು ಅಡಗಿಸುವ ಸರಳ ತಂತ್ರಾಂಶ ಒಂದೇ ಸಮನೆ ಬರುವ ಸದ್ದನ್ನು, ಉದಾಹರಣೆಗೆ ಫ್ಯಾನಿನ ಸದ್ದನ್ನು, ಗುರುತಿಸಿ ಕಳೆಯುತ್ತದೆ. ಮಗ್ಗದ್ದು ಬಡಿತದ ಸದ್ದು. ಪ್ರತಿ ಬಡಿತವೂ ಹೊಸದಾಗಿ ಹುಟ್ಟುವುದರಿಂದ ಅದು ಜಾರಿಕೊಳ್ಳುತ್ತದೆ, ಅಥವಾ ಅದರೊಡನೆ ಮಾತಿನ ವ್ಯಂಜನಗಳೂ ಅಳಿಸಿಹೋಗುತ್ತವೆ. ಮಗ್ಗ ನಿಂತ ಹೊತ್ತಿನಲ್ಲಿ ಮಾತು ಸ್ಪಷ್ಟವಾದರೆ ಉತ್ತರ ಸಿಕ್ಕಿತು.

ದನಿ ಮಂದವಾಗಿದೆ, ‘ಸ’ ಮತ್ತು ‘ಶ’ ಒಂದೇ ಆಗಿ ಕೇಳುತ್ತವೆ ಎನ್ನುವಿರಾ? ಹಳೆಯ ದೂರವಾಣಿ ವ್ಯವಸ್ಥೆ 300ರಿಂದ 3400 ಹರ್ಟ್ಸ್‌ವರೆಗಿನ ದನಿಯನ್ನು ಮಾತ್ರ ಸಾಗಿಸುತ್ತದೆ. ‘ಸ’ಕಾರದ ಶಕ್ತಿಯ ಬಹುಭಾಗ ಅದಕ್ಕಿಂತ ಮೇಲಿದೆ. ಕರೆ ಅಂಥ ದಾರಿಯಲ್ಲಿ ಹಾದರೆ ಅದು ದೋಷವಲ್ಲ, ಮಿತಿ. ಕೆಲವು ಬ್ಲೂಟೂತ್ ಇಯರ್‌ಫೋನುಗಳು ಹಾಡು ಕೇಳುವಾಗ ಚೆನ್ನಾಗಿದ್ದು, ಅವುಗಳ ಮೈಕನ್ನು ಬಳಸಿದ ಕೂಡಲೇ ದನಿಯ ಹರವನ್ನು ಕುಗ್ಗಿಸಿಬಿಡುತ್ತವೆ. ತಂತಿಯ ಇಯರ್‌ಫೋನ್ ಹಾಕಿ ಹೋಲಿಸಿ ನೋಡಿ.

ಕೊನೆಯದು ಮೌನ. ಗಂಟೆ ಬಾರಿಸುತ್ತದೆ, ಎತ್ತುತ್ತೀರಿ, ಒಂದು ದಿಕ್ಕಿಗೆ ದನಿಯೇ ಇಲ್ಲ. ಆಪಿಗೆ ಮೈಕಿನ ಅನುಮತಿ ಇದೆಯೇ ಎಂದು ಮೊದಲು ನೋಡಿ. ಇದ್ದರೆ ಇನ್ನೊಂದು ಸಾಧ್ಯತೆ ಉಂಟು. ಅಂತರಜಾಲ ಕರೆಯಲ್ಲಿ ಗಂಟೆ ಬಾರಿಸುವ ಸಂದೇಶ ಒಂದು ದಾರಿಯಲ್ಲಿ, ದನಿಯ ಪ್ಯಾಕೆಟ್‌ಗಳು ಇನ್ನೊಂದು ದಾರಿಯಲ್ಲಿ ಹೋಗಬಹುದು. ಕಾಲೇಜಿನ ಅಥವಾ ಕಚೇರಿಯ ಜಾಲದ ಕಾವಲು ಮೊದಲನೆಯದನ್ನು ಬಿಟ್ಟು ಎರಡನೆಯದನ್ನು ತಡೆಯುವುದುಂಟು. ಅದೇ ಫೋನನ್ನು ಮೊಬೈಲ್ ಡೇಟಾಕ್ಕೆ ಬದಲಿಸಿ. ದನಿ ಬಂದರೆ ಫೋನು ನಿರ್ದೋಷಿ.

ಹಾಗಾದರೆ ಸಲಹೆ ಹೇಗಿರಬೇಕು?

ಪಟ್ಟಿ ಕೊಡುವ ಮೊದಲು ನಾಲ್ಕು ಪ್ರಶ್ನೆ ಕೇಳಿದರೆ ಸಾಕು. ಯಾರಿಗೆ ಕೇಳುತ್ತಿದೆ, ಯಾರಿಗೆ ಕೇಳುತ್ತಿಲ್ಲ? ದನಿ ಯಾವ ರೀತಿ ಕೆಟ್ಟಿದೆ? ಯಾವ ಹೊತ್ತಿನಲ್ಲಿ, ಯಾವ ಜಾಗದಲ್ಲಿ ಕೆಡುತ್ತದೆ? ಒಂದೇ ಒಂದನ್ನು ಬದಲಿಸಿದಾಗ ಏನಾಯಿತು? ಇವುಗಳಲ್ಲಿ ಯಾವುದಕ್ಕೂ ಉಪಕರಣ ಬೇಕಾಗಿಲ್ಲ. ಕಿವಿಯೇ ಉಪಕರಣ. ದೂರವಾಣಿ ದನಿಯ ಗುಣಮಟ್ಟಕ್ಕೆ ಇಂದಿಗೂ ಆಧಾರವಾಗಿರುವ ಅಳತೆ ಕೂಡ ಕೇಳುಗರ ಅಭಿಪ್ರಾಯವೇ. ಒಂದರಿಂದ ಐದರವರೆಗೆ ಅಂಕ ಕೊಡಿಸಿ ಸರಾಸರಿ ತೆಗೆಯುತ್ತಾರೆ. ಯಂತ್ರದಿಂದ ಅಳೆಯುವ ವಿಧಾನಗಳು ಬಂದದ್ದು ಆ ಸರಾಸರಿಯನ್ನು ಮುಂಗಾಣುವುದಕ್ಕಾಗಿ.

ನಿಮ್ಮ ಶಾಲೆಯಲ್ಲಿ ಎರಡು ಫೋನುಗಳಿದ್ದರೆ ಮುಂದಿನ ಶಬ್ದದ ಪಾಠವನ್ನು ಹೀಗೆ ಮಾಡಿ. ಇಬ್ಬರು ವಿದ್ಯಾರ್ಥಿಗಳನ್ನು ಬೇರೆ ಬೇರೆ ಕೊಠಡಿಯಲ್ಲಿ ಕೂರಿಸಿ ಅಂತರಜಾಲ ಕರೆ ಮಾಡಿಸಿ. ಒಂದು ಕಡೆ ಬೇಕೆಂದೇ ಒಂದು ದೋಷ ಉಂಟುಮಾಡಿ: ಸ್ಪೀಕರ್ ಏರಿಸಿ, ವಿಡಿಯೋ ಕಳುಹಿಸಿ, ಮೈಕಿನ ಮೇಲೆ ಬಟ್ಟೆ ಮುಚ್ಚಿ. ಇನ್ನೊಂದು ಕಡೆಯವರು ಕೇಳಿದ್ದರಿಂದಲೇ ಕಾರಣವನ್ನು ಊಹಿಸಲಿ, ಆಮೇಲೆ ಪರೀಕ್ಷಿಸಲಿ. ಊಹೆ, ಪರೀಕ್ಷೆ, ತೀರ್ಮಾನ. ವಿಜ್ಞಾನದ ವಿಧಾನವೆಂದು ಕರಿಹಲಗೆಯ ಮೇಲೆ ಬರೆದದ್ದು ಅಂದು ಅವರ ಕಿವಿಗೆ ಕೇಳಿಸುತ್ತದೆ.

ಅವರಲ್ಲಿ ಒಬ್ಬಳು ಸಂಜೆ ಮನೆಗೆ ಹೋಗಿ, ಫೋನು ಕೆಟ್ಟಿದೆಯೆಂದು ಬೈಲಹೊಂಗಲಕ್ಕೆ ಹೊರಟು ನಿಂತ ಅಜ್ಜಿಗೆ, “ತಡಿ ಅಜ್ಜಿ, ಕಾಕಾಗ ಇಯರ್‌ಫೋನ್ ಹಾಕ್ಕೊಳ್ಳಾಕ ಹೇಳು” ಎಂದರೆ, ಆ ಪಾಠ ಸಾರ್ಥಕವಾಯಿತೆಂದು ತಿಳಿಯಿರಿ.